ತಣ್ಣಗಿದೆ ಎಂದ ಗೋಡೆ

ನನ್ನ ಅಕ್ಕ ಸಾತಮ್ಮ ತೀರಿಕೊಂಡ ಸಂಗತಿ ನಮಗೆ ತಿಳಿದದ್ದು ಒಂದು ಸೋಮವಾರ ಮಧ್ಯಾಹ್ನ. ಮಧ್ಯಾಹ್ನದಲ್ಲಿ ಯಾರೂ ಯಾರ ಮನೆಗೂ ಹೋಗದ ಕಾಲ ಇದು. ಬೆಳಗಿನ ಸೈರನ್ ಕೂಗಿದ ಮೇಲೆ ಸಂಜೆಯ ಸೈರನ್ ಕೂಗುವ ತನಕ ಕಲಬುರಗಿ ಸೀಮೆಯಲ್ಲಿ ಜನ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಕದ ಬಡಿದ ಸದ್ದು ಕೇಳಿದೊಡನೆ ಕೈಯಲ್ಲಿದ್ದುದನ್ನು ಬಿಟ್ಟು ಎದ್ದೆ.

ತೆರೆದರೆ ಹುಸೇನಬಿ, ಅಕ್ಕನ ಪಕ್ಕದ ಮನೆಯವಳು. ಒದ್ದೆ ಚಾದರವನ್ನು ತಲೆಯಿಂದ ಹೊದ್ದು ಬಂದಿದ್ದಳು. ಓಣಿ ದಾಟುವಷ್ಟರಲ್ಲಿ ಅದು ಒಣಗಿ ಹಪ್ಪಳದಂತಾಗಿತ್ತು.

"ರೇವಪ್ಪಣ್ಣ, ಲಗೂ ಬರ್ರಿ. ಸಾತಕ್ಕ ಏಳವಲ್ಲಳು."

"ಏಳವಲ್ಲಳಂದ್ರ?"

"ಗೋಡಿಗೆ ಆತು ಕುಂತಾಳ. ಕರದ್ರ ಮಾತಾಡವಲ್ಲಳು. ಮೈ ಮುಟ್ಟಿದೆ. ಯಾ ಅಲ್ಲಾ, ಹಂಚಿನಂಗ ಸುಡ್ಲಕತ್ತದ."

ನಾನು ಟವೆಲ್ಲು ನೆನೆಸಿ ತಲೆಗೆ ಸುತ್ತಿಕೊಂಡು ಓಡಿದೆ. ಈ ವಯಸ್ಸಿನಲ್ಲಿ ಓಡಿದೆ ಎನ್ನುವುದು ಬರಿಯ ಮಾತು, ಹೇಗೋ ಹೋಗಿ ಮುಟ್ಟಿದೆ. ಅಕ್ಕನ ಮನೆಯೊಳಗೆ ಕಾಲಿಟ್ಟಾಗ ಸುಣ್ಣದ ಭಟ್ಟಿಯ ಬಾಯಿ ತೆರೆದಂತೆ ಝಳ ಮುಖಕ್ಕೆ ಹೊಡೆಯಿತು. ಅವಳು ಶಹಾಬಾದ್ ಕಲ್ಲಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಹಣೆಯಲ್ಲಿ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಪೂಜೆಗೆ ಕೂತವಳು ಹಾಗೆಯೇ ಹೋಗಿಬಿಟ್ಟಿದ್ದಳು.

ಎದುರಿನ ಗೋಡೆಯ ಮೇಲೆ ಸಣ್ಣ ಹಸಿರು ಅಕ್ಷರಗಳು ಬೆಳಗುತ್ತಿದ್ದವು: ಇಪ್ಪತ್ತಾರು ಡಿಗ್ರಿ. ಹಿತಕರ.

ಫೋನಿನಲ್ಲಿ ಡಾಕ್ಟರು ಅಕ್ಕನ ಮುಖ, ಕಣ್ಣು, ಚರ್ಮ ಎಲ್ಲವನ್ನೂ ತೋರಿಸಲು ಹೇಳಿದರು. ನೋಡಿ, "ಬಿಸಲಿನ ಹೊಡೆತ" ಅಂದರು.

"ಆಕಿ ಹೊರಗ ಹೋಗೇ ಇಲ್ರಿ. ಮನಿಯಾಗ ಇಪ್ಪತ್ತಾರು ಅದ, ನೋಡ್ರಿ ಬೇಕಾದ್ರ," ಎಂದು ನಾನು ಫೋನನ್ನು ಗೋಡೆಯತ್ತ ತಿರುಗಿಸಿದೆ.

"ಯಜಮಾನ್ರ, ನಿಮ್ಮ ಗೋಡಿ ಏನ್ ಹೇಳ್ತದೋ ನನಗ ಗೊತ್ತಿಲ್ಲ. ಆಕಿ ಮೈ ಏನ್ ಹೇಳ್ಲಕತ್ತದ ಅದನ್ನ ಹೇಳ್ಲಕತ್ತೀನಿ."

ಆಗ ನನಗೆ ದುಃಖ ಬರಲಿಲ್ಲ. ಮೊದಲು ಬಂದದ್ದು ಅಂಜಿಕೆ. ನನ್ನ ಮೈಯಿಂದ ಬೆವರು ಇಳಿಯುತ್ತಿದೆ, ನಾಲಿಗೆ ಅಂಗುಳಕ್ಕೆ ಅಂಟುತ್ತಿದೆ, ಗೋಡೆ ಮಾತ್ರ ಹಿತಕರ ಎನ್ನುತ್ತಿದೆ. ಇಬ್ಬರಲ್ಲಿ ಯಾರಿಗೆ ಭ್ರಮೆ ಎಂಬುದು ತಿಳಿಯದೆ ನಾನು ಹುಸೇನಬಿಯ ಮುಖ ನೋಡಿದೆ. ಅವಳೂ ಬೆವರುತ್ತಿದ್ದಳು.

ನಮ್ಮ ಬಡಾವಣೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಹೊರಗಿನ ಬಿಸಿಲು ಮನುಷ್ಯರು ತಾಳುವ ಮಿತಿಯನ್ನು ದಾಟಿದ ಮೇಲೆ ಕಟ್ಟಿದ ಬಡಾವಣೆ ಇದು. ಸರ್ಕಾರದ ಕಾಗದದಲ್ಲಿ ಇದಕ್ಕೊಂದು ದೊಡ್ಡ ಹೆಸರಿದೆ, ಜನ ಕರೆಯುವುದು ಥಂಡಿ ಓಣಿ ಎಂದು. ಊರ ತುದಿಯಲ್ಲಿ ಒಂದು ದೊಡ್ಡ ಕಟ್ಟಡವಿದೆ, ಅದು ಥಂಡಿಮನೆ. ಅದರೊಳಗೆ ಆನೆಯ ಗಾತ್ರದ ಒಂದು ಯಂತ್ರ ನೀರನ್ನು ತಣಿಸಿ ನೆಲದಡಿಯ ಕೊಳವೆಗಳಲ್ಲಿ ಮನೆಮನೆಗೆ ಕಳಿಸುತ್ತದೆ. ಆ ನೀರು ಗೋಡೆಯೊಳಗಿನ ಸುರುಳಿಗಳಲ್ಲಿ ಹರಿದು ಮನೆಯ ಶಾಖವನ್ನು ಹೊತ್ತು ವಾಪಸು ಹೋಗುತ್ತದೆ. ಮನೆಯೊಂದಕ್ಕೆ ಒಂದು ವಾಲ್ವು, ಒಂದು ಸೆನ್ಸರು. ಸೆನ್ಸರು ಮನೆ ಬಿಸಿಯಾಯಿತೆಂದು ಹೇಳಿದರೆ ವಾಲ್ವು ತೆರೆಯುತ್ತದೆ, ತಣ್ಣಗಾಯಿತೆಂದರೆ ಮುಚ್ಚುತ್ತದೆ.

ಮೊದಲಿದ್ದ ಯಂತ್ರ ಒಂದೇ ವೇಗದಲ್ಲಿ ತಿರುಗುತ್ತಿತ್ತು. ಹೋದ ವರ್ಷ ಹೊಸದು ಬಂತು. ಇದು ಬೇಕಾದಷ್ಟೇ ತಿರುಗುತ್ತದೆ. ನನ್ನ ಮಗಳು ಜಗದೇವಿ ಅಲ್ಲಿಯ ಕಂಟ್ರೋಲ್ ರೂಮಿನಲ್ಲಿ ಎಂಜಿನಿಯರ್. ಅವಳು ಆ ಯಂತ್ರ ಬಂದ ದಿನ ಊಟಕ್ಕೆ ಕೂತಾಗ ರೊಟ್ಟಿ ಮುರಿಯುವುದನ್ನೂ ಮರೆತು ವಿವರಿಸಿದ್ದಳು.

"ಅಪ್ಪಾ, ಇದರ ಚಮತ್ಕಾರ ಕೇಳು. ವೇಗ ಅರ್ಧ ಮಾಡಿದ್ರ ಕರೆಂಟು ಅರ್ಧ ಆಗ್ತದ ಅಂತ ತಿಳ್ಕೊಂಡಿ ಹೌದಿಲ್ಲೊ? ಅಲ್ಲ. ಎಂಟರಾಗ ಒಂದು ಭಾಗಕ್ಕ ಬರ್ತದ. ಒಂಚೂರು ನಿಧಾನ ಮಾಡಿದ್ರ ಸಾಕು, ಉಳಿತಾಯ ಅಂದ್ರ ಉಳಿತಾಯ."

"ಮತ್ತ ಯಾವಾಗ ನಿಧಾನ ಮಾಡಬೇಕು ಅಂತ ಅದಕ್ಕ ಹೇಳವರ್ಯಾರು?"

"ಅದೇ ಕಲೀತದ. ಮನಿಗೋಳ ಸೆನ್ಸರ್ ನೋಡಿ ದಿನಾ ದಿನಾ ಕಲೀತದ."

"ನಿನ್ನಕಿಂತ ಶಾಣ್ಯಾ ಅದ ಹಂಗಾದ್ರ," ಎಂದಿದ್ದಳು ಅಲ್ಲಿಯೇ ಕೂತಿದ್ದ ಅಕ್ಕ. "ನೀ ದಿನಾ ದಿನಾ ಮರೀತಿ. ರೊಟ್ಟಿ ತಿನ್ನು ಮೊದಲ."

ಉಳಿತಾಯದ ಮಾತು ಸುಳ್ಳಾಗಲಿಲ್ಲ. ಉಳಿದ ಕರೆಂಟಿನಿಂದಲೇ ಕೊಳವೆ ಹೂಳುವ ಕೂಲಿಕಾರರ ಶೆಡ್ಡುಗಳಿಗೂ ತಣ್ಣೀರಿನ ಸಾಲು ಎಳೆದರು. ಯಂತ್ರ ಕೆಟ್ಟದ್ದೆಂದು ನಾನು ಹೇಳಲಾರೆ. ಅದರಿಂದ ಬದುಕಿದವರನ್ನೂ ನಾನು ಕಂಡಿದ್ದೇನೆ.

ಅಕ್ಕನ ಹೆಣವನ್ನು ಆ ಕಾದ ಮನೆಯಲ್ಲಿ ಇಡುವ ಹಾಗಿರಲಿಲ್ಲ. ಮಣ್ಣು ಮಾಡುವುದು ಹೊತ್ತು ಮುಳುಗಿದ ಮೇಲೆಯೇ. ನಾಲ್ಕು ಜನ ಒದ್ದೆ ಕಂಬಳಿಯಲ್ಲಿ ಸುತ್ತಿ ನಮ್ಮ ಮನೆಗೆ ತಂದು ಪಡಸಾಲೆಯಲ್ಲಿ ಕೂಡ್ರಿಸಿದರು. ನಮ್ಮ ಮನೆ ಆಗ ತಣ್ಣಗಿತ್ತು. ನನ್ನ ಹೆಂಡತಿ ಮಹಾನಂದಾ ಬಿಳಿಯ ಸೀರೆ ಉಡಿಸಿ, ಹೂ ಏರಿಸಿ, ಅಕ್ಕನ ಪಕ್ಕದಲ್ಲಿಯೇ ಕೂತುಬಿಟ್ಟಳು. ಅವಳಿಗೆ ಹೃದಯದ ಬೇನೆ. ಝಳ ಅವಳಿಗೆ ವಿಷ ಎಂದು ಡಾಕ್ಟರು ಎಂದೋ ಹೇಳಿದ್ದಾರೆ.

"ಒಳಗ ಹೋಗಿ ಒಂದೀಟು ಅಡ್ಡಾಗು," ಅಂದೆ.

"ನಲವತ್ತು ವರ್ಷ ನನ್ನ ಕೂಡ ಜಗಳಾಡ್ಯಾಳ. ಇವತ್ತೊಂದಿನ ಒಬ್ಬಾಕಿನ್ನ ಬಿಟ್ಟು ಹೋಗ್ಲೇನು?" ಎಂದಳು.

ಸತ್ತ ಸುದ್ದಿ ಫೋನುಗಳಲ್ಲಿ ಓಣಿಯಿಂದ ಓಣಿಗೆ ಹಬ್ಬಿತು. ಅಕ್ಕನನ್ನು ಅರಿಯದವರು ಬಡಾವಣೆಯಲ್ಲಿ ಯಾರಿದ್ದರು? ಈ ಯುಗಾದಿಗೆ ಅರವಟ್ಟಿಗೆ ಮತ್ತೆ ಶುರು ಮಾಡಿದವಳು ಅವಳೇ. ಹಿಂದೆ ದಾರಿಹೋಕರಿಗೆಂದು ಬೇಸಿಗೆಯಲ್ಲಿ ಮರದ ಕೆಳಗೆ ನೀರಿಡುತ್ತಿದ್ದರು. ಈಗ ಹೊರಗಿಟ್ಟ ನೀರು ಕುದಿಯುತ್ತದೆ. ಅದಕ್ಕೆ ಅಕ್ಕ ಒಂದು ಉಪಾಯ ಕಂಡುಕೊಂಡಿದ್ದಳು. ಬಾಗಿಲು ತೆರೆಯದೆಯೇ ಸಾಮಾನು ತೆಗೆದುಕೊಳ್ಳಲೆಂದು ಪ್ರತಿ ಮನೆಯ ಬಾಗಿಲ ಪಕ್ಕದಲ್ಲಿ ಒಂದು ಸಣ್ಣ ಕಿಂಡಿ ಮಾಡಿದ್ದಾರೆ. ಆ ಕಿಂಡಿಯ ಒಳಮಗ್ಗುಲಿನ ಗೂಡಿನಲ್ಲಿ ಮಣ್ಣಿನ ಹರವಿ ಇಟ್ಟು, ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಮೇಲೊಂದು ತಂಬಿಗೆ. ಹೊರಗೆ ದುಡಿಯುವ ಕೂಲಿಯವರು ಕಿಂಡಿಯಲ್ಲಿ ಕೈ ಹಾಕಿ ನೀರು ಕುಡಿದು ಹೋಗುತ್ತಿದ್ದರು. ಅವಳ ಓಣಿಯಲ್ಲಿ ಮನೆಮನೆಗೂ ಹರವಿ ಇಡಿಸಿದ್ದಳು. ಹುಸೇನಬಿಯ ಮನೆಯಲ್ಲೂ.

ಈಗ ಅವಳ ಹೆಸರಿನಲ್ಲಿ ಉಳಿದ ಓಣಿಗಳ ಹೆಂಗಸರೂ ಎದ್ದರು. ಸಾತಕ್ಕನ ಅರವಟ್ಟಿಗೆ ನಿಲ್ಲಬಾರದು ಎಂದು ಯಾರೋ ಫೋನಿನಲ್ಲಿ ಹಾಕಿದರು. ತಾಸೊಪ್ಪತ್ತಿನಲ್ಲಿ ಬಡಾವಣೆಯ ಗೂಡುಗೂಡಿನಲ್ಲಿ ಹರವಿಗಳು ಕೂತವು. ಮಹಾನಂದಾ ಕೂಡ ಕಣ್ಣೊರೆಸಿಕೊಳ್ಳುತ್ತ ಎದ್ದು, ಅಡುಗೆಮನೆಯ ಹರವಿಯನ್ನು ತಂದು ನಮ್ಮ ಕಿಂಡಿಯ ಗೂಡಿನಲ್ಲಿಟ್ಟಳು. ನಾನೇ ಬಟ್ಟೆ ನೆನೆಸಿ ಸುತ್ತಿದೆ.

ಆ ಹೊತ್ತಿಗೆ ಥಂಡಿಮನೆಯಲ್ಲಿ ನಡೆದದ್ದನ್ನು ಮಗಳು ಆಮೇಲೆ ಹೇಳಿದಂತೆ ಬರೆಯುತ್ತೇನೆ.

ಸೈರನ್ ಆಗುವ ತನಕ ಅವಳು ಬರುವಂತಿರಲಿಲ್ಲ. ಸೋದರತ್ತೆ ಸತ್ತಿದ್ದಾಳೆ, ತಾನು ಪರದೆಯ ಮುಂದೆ ಕೂತಿದ್ದಾಳೆ. ಪರದೆಯಲ್ಲಿ ಬಡಾವಣೆಯ ನಕ್ಷೆ. ಬಿಸಿ ಮನೆ ಕೆಂಪು, ತಣ್ಣನೆಯ ಮನೆ ನೀಲಿ. ಆ ಮಧ್ಯಾಹ್ನ ಮನೆಗಳು ಒಂದಾದ ಮೇಲೊಂದರಂತೆ ನೀಲಿಯಾಗತೊಡಗಿದವು. ಯಾರೋ ಕಾಣದವರು ಮನೆಯಿಂದ ಮನೆಗೆ ನಡೆದು ದೀಪ ಆರಿಸುತ್ತ ಬಂದಂತೆ ಇತ್ತಂತೆ. ವಾಲ್ವುಗಳು ಮುಚ್ಚಿಕೊಂಡವು. ಯಂತ್ರ ನಿಧಾನವಾಯಿತು, ಇನ್ನೂ ನಿಧಾನವಾಯಿತು.

ಅವಳ ಮೇಲಿನ ಅಧಿಕಾರಿ ದೇಶಮುಖ ಸಾಹೇಬರು ಮೊದಲು ಹಿಗ್ಗಿದರು. "ಜಗದೇವಿ, ಇಲ್ಲಿ ನೋಡು. ಇಷ್ಟು ಕಮ್ಮಿ ಕರೆಂಟು ಹುಟ್ಟಿದಾಗಿಂದ ತಗೊಂಡಿಲ್ಲ ಇದು. ಹೊರಗ ನಲವತ್ತೊಂಬತ್ತು ಡಿಗ್ರಿ!"

"ಅದೇ ಸರ, ನನಗ ಅಂಜಿಕಿ ಬರ್ಲಕತ್ತದ. ಹೊರಗ ನಲವತ್ತೊಂಬತ್ತು ಇದ್ದಾಗ ಮನಿಗೋಳು ತಾವಾಗೇ ಹ್ಯಾಂಗ ತಣ್ಣಗಾಗ್ತಾವ?"

"ಯಂತ್ರ ಕಲ್ತದ."

"ಏನ್ ಕಲ್ತದ ಸರ?"

ಸಾಹೇಬರು ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಯಂತ್ರದ ಕೋಣೆಯಿಂದ ಒಂದು ಸದ್ದು ಬಂತು. ಕಟ್ಟಿಹಾಕಿದ ಎತ್ತು ಹೊಟ್ಟೆಯೊಳಗಿಂದ ನರಳಿದ ಹಾಗೆ. ಯಂತ್ರದ ಚಕ್ರ ನೀರು ತಣಿಸುವ ಅನಿಲವನ್ನು ಒತ್ತಿ ಮುಂದಕ್ಕೆ ದೂಡುತ್ತಿರಬೇಕು. ತೀರ ನಿಧಾನವಾದರೆ ದೂಡುವ ಶಕ್ತಿ ಸಾಲದೆ ಅನಿಲ ತಿರುಗಿ ಚಕ್ರದ ಮೇಲೆಯೇ ಬೀಳುತ್ತದೆ, ಏರು ಹತ್ತುತ್ತಿದ್ದ ಗಾಡಿ ಹಿಂದಕ್ಕೆ ಜಾರಿದಂತೆ. ಇದನ್ನು ಅವರು ಸರ್ಜ್ ಎನ್ನುತ್ತಾರೆ. ಹಾಗೆ ನಾಲ್ಕಾರು ಸಲ ಬಿದ್ದರೆ ಬೇರಿಂಗು ಪುಡಿಯಾಗುತ್ತದೆ. ಬೇರಿಂಗು ಹೋದರೆ ಯಂತ್ರವಿಲ್ಲ. ಯಂತ್ರವಿಲ್ಲದಿದ್ದರೆ ಆ ಬಿಸಿಲಿನಲ್ಲಿ ಬಡಾವಣೆಯೇ ಇಲ್ಲ.

ಸಾಹೇಬರು ವೇಗ ತಿರುವುವ ಗುಬುಟಿಗೆ ಕೈ ಹಾಕಿದರು. ಕಲಿತ ಯಂತ್ರದ ಕೈ ತಪ್ಪಿಸಿ ತಾವೇ ವೇಗ ಹೆಚ್ಚಿಸಿದರು. ನರಳಾಟ ಒಂದು ಕ್ಷಣ ನಿಂತಿತು. ಆದರೆ ತಣ್ಣೀರು ಹೋಗುವುದೆಲ್ಲಿಗೆ? ಮನೆಗಳ ವಾಲ್ವುಗಳು ಮುಚ್ಚಿವೆ. ಅವುಗಳನ್ನು ಇಲ್ಲಿಂದ ತೆರೆಯಲು ಬರುವುದಿಲ್ಲ, ಅವು ಕೇಳುವುದು ತಮ್ಮ ತಮ್ಮ ಮನೆಯ ಸೆನ್ಸರಿನ ಮಾತನ್ನು ಮಾತ್ರ. ಹೋದ ನೀರು ಹೋದ ಹಾಗೆಯೇ ತಣ್ಣಗೆ ತಿರುಗಿ ಬಂತು. ಯಂತ್ರ ಮತ್ತೆ ನರಳಿತು.

ಜಗದೇವಿ ನಕ್ಷೆಯನ್ನು ಹಿಂದಿನ ದಿನಗಳಿಗೆ ಸರಿಸಿ ನೋಡಿದಳು. ಯುಗಾದಿಯ ಮರುದಿನ ಮೊದಲು ನೀಲಿಯಾದ ಮನೆ ಯಾವುದು? ಸೋದರತ್ತೆಯದು. ಆಮೇಲೆ ಅವಳ ಓಣಿ ಪೂರ್ತಿ, ಆದರೆ ಆಗ ಹೊರಗೆ ಇಷ್ಟು ಬಿಸಿಲಿರಲಿಲ್ಲ. ಇವತ್ತು ಮಧ್ಯಾಹ್ನದಿಂದ ಉಳಿದೆಲ್ಲ ಮನೆಗಳು. ಸತ್ತವಳ ಮನೆ ನೀಲಿಯಾದಂತೆ ಈಗ ತಂದೆತಾಯಿಯ ಮನೆಯೂ ಅಚ್ಚ ನೀಲಿಯಾಗಿತ್ತು.

ನಮ್ಮ ಮನೆಯಲ್ಲಿ ಝಳ ಯಾವಾಗ ಏರಿತೋ ನಮಗೆ ತಿಳಿಯಲಿಲ್ಲ. ಸೈರನ್ನಿಗೂ ಕಾಯದೆ ಒದ್ದೆ ಬಟ್ಟೆ ಹೊದ್ದು ಹೆಣ ನೋಡಲು ಬಂದವರು ಬಹಳ ಮಂದಿ ಇದ್ದರು, ಜನರ ಉಸಿರಿನಿಂದ ಸೆಕೆಯಾಯಿತು ಎಂದುಕೊಂಡೆವು. ಎದುರುಮನೆಯ ಬಂಡೆಪ್ಪ ಅಂಗಿ ಕಳಚಿ ಬೀಸಿಕೊಳ್ಳುತ್ತ, "ನಮ್ಮನ್ಯಾಗೂ ಇದೇ ಹಣೆಬಾರ. ಕಂಪ್ಲೇಂಟ್ ಮಾಡಿದ್ರ ಆ ಫೋನಿನ ಹೆಣ್ಣು, ನಿಮ್ಮ ಮನೆಯಲ್ಲಿ ಇಪ್ಪತ್ತಾರು ಡಿಗ್ರಿ ಇದೆ, ಧನ್ಯವಾದಗಳು ಅಂತಾಳ. ಧನ್ಯವಾದ ತಗೊಂಡು ಗಾಳಿ ಹಾಕ್ಕೋಬೇಕು," ಎಂದ. ಒಬ್ಬಿಬ್ಬರು ನಕ್ಕರು. ಆ ನಗೆಯ ನಡುವೆ ಗೋಡೆಯೊಳಗಿನ ಕೊಳವೆಗಳಿಂದ ಒಂದು ನರಳುವ ಸದ್ದು ಬಂತು. ಹೆಂಗಸರು ಅಕ್ಕನ ಮುಖ ನೋಡಿದರು. ಹುಸೇನಬಿ ಏನೋ ಪಠಿಸತೊಡಗಿದಳು.

ಮಹಾನಂದಾ ನನ್ನತ್ತ ತಿರುಗಿ ಕೇಳಿದಳು. "ಸಾತಕ್ಕ ಎಲ್ಲಿಗೆ ಹೋದಳ್ರಿ? ಊಟಕ್ಕ ಕರೀರಿ ಆಕಿನ್ನ."

ಸಾತಕ್ಕ ಅವಳ ಪಕ್ಕದಲ್ಲಿಯೇ ಹೂವಿನಲ್ಲಿ ಕೂತಿದ್ದಳು. ನಾನು ಹೆಂಡತಿಯ ಕೆನ್ನೆ ಮುಟ್ಟಿದೆ. ಒಣಗಿತ್ತು, ಒಂದು ಹನಿ ಬೆವರಿಲ್ಲ. ಸುಡುತ್ತಿತ್ತು. ಮಧ್ಯಾಹ್ನ ಅಕ್ಕನ ಮೈ ಮುಟ್ಟಿದ ಕೈಗೆ ಆ ಬಿಸಿಯ ಗುರುತು ಹತ್ತಿತು.

ಗೋಡೆ ಇಪ್ಪತ್ತಾರು ಎನ್ನುತ್ತಿತ್ತು.

ಫೋನು ಬಂತು. ಜಗದೇವಿ ಒಂದೇ ಉಸಿರಿಗೆ ಕೇಳಿದಳು. "ಅಪ್ಪಾ, ಮನಿ ಬಿಸಿ ಅದನೋ ತಣ್ಣಗ ಅದನೋ? ಗೋಡಿ ಓದಬ್ಯಾಡ. ನಿನ್ನ ಮೈ ಹೇಳಿದ್ದು ಹೇಳು."

"ಕುದೀಲಕತ್ತದವ್ವಾ. ನಿಮ್ಮವ್ವಗ ಬುದ್ಧಿ ಇಲ್ಲ. ಸಾತಕ್ಕನ್ನ ಊಟಕ್ಕ ಕರಿ ಅನ್ಲಕತ್ತಾಳ."

"ಕಿಂಡಿ ಬಲ್ಲಿ ಸೆನ್ಸರ್ ಅದ ನೋಡು. ಬಿಳಿ ಗುಂಡಿ. ಬಿಸಲು ಬೀಳಬಾರದಂತ ಗೂಡಿನಾಗ ಕೂಡ್ಸ್ಯಾರ. ಅಲ್ಲಿ ಕೈ ಇಟ್ಟು ನೋಡು."

ಹೋಗಿ ಗೂಡಿನೊಳಗೆ ಕೈಯಿಟ್ಟೆ. ಬಾವಿಯೊಳಗೆ ಕೈಯಿಟ್ಟಂತಿತ್ತು. ಬಿಳಿಯ ಗುಂಡಿಗೆ ಹರವಿಯ ಒದ್ದೆ ಬಟ್ಟೆ ತಾಗಿಕೊಂಡಿತ್ತು. ಗೂಡಿನಿಂದ ಗೇಣು ದೂರದಲ್ಲಿ ಗಾಳಿ ಒಲೆಯ ಉರಿಯಂತಿತ್ತು.

"ಇಲ್ಲಿ ಥಂಡಿ ಅದ," ಎಂದೆ. "ಇಲ್ಲಿ ಹರವಿ ಇಟ್ಟೀವಿ."

"ಹರವಿ?" ಎಂದಳು ಮಗಳು. ಮರುಕ್ಷಣ ಅವಳು ಚೀರಿದ್ದು ಮನೆಯವರೆಲ್ಲರಿಗೂ ಕೇಳಿಸಿತು. "ತೆಗಿ ಅಪ್ಪಾ! ಲಗೂ ತೆಗಿ! ಮನಿ ತಣ್ಣಗಾಗ್ಯದ ಅಂತ ಅದು ತಿಳ್ಕೊಂಡದ. ಎಲ್ಲರ ಮನ್ಯಾಗಿಂದೂ ತೆಗಸು. ಇಲ್ಲಿ ಮಶಿನ್ ಒಡೀಲಕತ್ತದ."

ಹರವಿಗೆ ಕೈ ಹಾಕಿದೆ. ಬಂಡೆಪ್ಪ ನನ್ನ ರಟ್ಟೆ ಹಿಡಿದ.

"ಕಾಕಾ, ಏನ್ ಮಾಡ್ಲಕತ್ತೀರಿ? ಆಕಿ ಹೆಣ ಇನ್ನಾ ಮನ್ಯಾಗ ಕುಂತದ. ಆಕಿ ಅರವಟ್ಟಿಗಿ ಎತ್ತಿಡತೀರಿ?"

"ಕೈ ಬಿಡು ಬಂಡೆಪ್ಪ."

"ಯಾವನೋ ಎಸಿ ಕೋಣ್ಯಾಗ ಕುಂತು ಹೇಳ್ದ ಅಂತ ನೀರ ಕೊಡೋ ಧರ್ಮ ಬಿಡೋದಾ?"

"ಯಾವನೋ ಅಲ್ಲ, ನನ್ನ ಮಗಳು. ಕೈ ಹಾಕಿ ನೋಡು ನೀನೇ. ಗೂಡಿನಾಗೊಂದು ಕೈ, ನನ್ನ ಹೆಂಡತಿ ಹಣಿ ಮ್ಯಾಲೊಂದು ಕೈ ಇಡು. ಆಮ್ಯಾಲ ಮಾತಾಡು."

ಅವನು ಗೂಡಿನಲ್ಲಿ ಕೈಯಿಟ್ಟ. ಮಹಾನಂದಾಳ ಹಣೆ ಮುಟ್ಟಲಿಲ್ಲ, ಅವಳ ಕಣ್ಣು ನೋಡಿದನಷ್ಟೆ. ಅವಳು ಅವನನ್ನು ಗುರುತಿಸದೆ ನಗುತ್ತಿದ್ದಳು. ಅವನ ಕೈ ನನ್ನ ರಟ್ಟೆಯಿಂದ ಜಾರಿತು.

ಮೊದಲು ಹೊರಟವಳು ಹುಸೇನಬಿ. "ನೀರು ನೆಲದ ಮ್ಯಾಗಿಟ್ರೂ ನೀರೇ ಅದ. ನಾ ಹೋಗಿ ನಮ್ಮ ಓಣೀದು ಇಳಸ್ತೀನಿ. ಬಂಡೆಪ್ಪ, ನೀ ಮೈಕಿನ್ಯಾಗ ಕೂಗು," ಎಂದು ಚಾದರವನ್ನು ಆ ಹರವಿಯ ನೀರಿನಲ್ಲಿಯೇ ಅದ್ದಿಕೊಂಡು ಬಿಸಿಲಿಗೆ ಇಳಿದಳು. ಬಂಡೆಪ್ಪ ಗುಡಿಗೆ ಓಡಿದ. ಸ್ವಲ್ಪ ಹೊತ್ತಿನಲ್ಲಿ ಗುಡಿಯ ಮೈಕಿನಲ್ಲಿ ಅವನ ಒಡೆದ ದನಿ, ಅದರ ಹಿಂದೆಯೇ ಮಸೀದಿಯ ಮೈಕಿನಲ್ಲಿ ಇನ್ನೊಂದು ದನಿ ಕೇಳಿತು. ಕಿಂಡಿಯ ಗೂಡಿನಿಂದ ಹರವಿ ಇಳಿಸಿರಿ, ಗೂಡನ್ನು ಒಣ ಬಟ್ಟೆಯಿಂದ ಒರೆಸಿರಿ.

ನಾನು ಗೂಡು ಒರೆಸಿದೆ. ಹರವಿಯನ್ನು ಹೆಂಡತಿಯ ಬಳಿಗೆ ತಂದು ತಂಬಿಗೆ ತಂಬಿಗೆಯಾಗಿ ಅವಳ ತಲೆಯ ಮೇಲೆ, ಕುತ್ತಿಗೆಯ ಮೇಲೆ ಸುರಿದೆ. ಹೂವು, ವಿಭೂತಿ, ನೀರು ಎಲ್ಲ ಕಲಸಿ ನೆಲದ ಮೇಲೆ ಹರಿಯಿತು.

ಗೋಡೆಯ ಅಂಕಿ ಅಲುಗಲಿಲ್ಲ. ಕೊಳವೆಯೊಳಗೆ ನರಳುವ ಸದ್ದು ಮತ್ತೆ ಬಂತು, ಈ ಸಲ ನೆಲವೂ ಅದುರಿತು. ನನಗೆ ಪ್ರಾರ್ಥನೆಯ ಮಾತು ಒಂದೂ ನೆನಪಿಗೆ ಬರಲಿಲ್ಲ. ಎಪ್ಪತ್ತು ವರ್ಷ ದಿನಾ ಹೇಳಿದ ಮಂತ್ರ ಮರೆತುಹೋಗಿ, ಶಿವಾ ಶಿವಾ ಎಂದಷ್ಟೇ ಬಾಯಿ ಬಡಬಡಿಸಿತು.

ಅಂಕಿ ಇಪ್ಪತ್ತೆಂಟಾಯಿತು. ಮೂವತ್ತೆರಡಾಯಿತು. ಆಮೇಲೆ ಓಡಿದಂತೆ ನಲವತ್ತೊಂದಕ್ಕೆ ಏರಿ ಕೆಂಪಗಾಯಿತು. ಮನೆಯಲ್ಲಿದ್ದವರು ಅದನ್ನು ನೋಡಿ ಗೊಳೋ ಎಂದು ಅತ್ತರು. ಗೋಡೆ ಕೊನೆಗೂ ನಿಜ ಹೇಳಿತ್ತು, ಅಷ್ಟು ಹೊತ್ತು ನಾವು ಎಂಥದರೊಳಗೆ ಕೂತಿದ್ದೆವು ಎಂಬುದು ಆಗಲೇ ಎಲ್ಲರಿಗೂ ಮನಸ್ಸಿಗೆ ಬಂದದ್ದು. ಗೋಡೆಯೊಳಗೆ ಟಕ್ಕೆಂದು ವಾಲ್ವು ತೆರೆದ ಸದ್ದಾಯಿತು. ನೀರು ಹರಿಯಿತು.

ಅಲ್ಲಿ ಥಂಡಿಮನೆಯಲ್ಲಿ ದೇಶಮುಖ ಸಾಹೇಬರು ವೇಗದ ಗುಬುಟಿಯ ಮೇಲಿನ ಕೈ ತೆಗೆಯದೆ ನಿಂತಿದ್ದರಂತೆ. ಮನೆಗಳು ಒಂದೊಂದಾಗಿ ಕೆಂಪಾದಂತೆ ಜಗದೇವಿ ಕೂಗಿ ಹೇಳುವಳು, ಅವರು ಕೂದಲೆಳೆಯಷ್ಟು ಏರಿಸುವರು. ಎಲ್ಲ ಮನೆಗಳೂ ಒಂದೇ ಸಲ ತಣ್ಣೀರು ಎಳೆದರೆ ಮೋಟಾರು ಹೊತ್ತುತ್ತದೆ, ಏರಿಸದಿದ್ದರೆ ಜನ ಸಾಯುತ್ತಾರೆ. ಆ ಮನುಷ್ಯ ಅಳುತ್ತಲೇ ಆ ಕೆಲಸ ಮಾಡಿದರು ಎಂದು ಮಗಳು ಹೇಳಿದಳು. ಯಂತ್ರ ನರಳುವುದು ನಿಂತು ತನ್ನ ಹಳೆಯ ಗುಂಯ್‌ಗುಟ್ಟುವ ದನಿಗೆ ಬಂತು.

ಬಹಳ ಹೊತ್ತಿನ ಮೇಲೆ ಮಹಾನಂದಾ ಕಣ್ಣು ಬಿಟ್ಟು ಸುತ್ತ ನೋಡಿ, "ಸೀರಿ ಎಲ್ಲಾ ತೊಯ್ಸೀರಲ್ರಿ," ಎಂದಳು. ಆಮೇಲೆ ಅಕ್ಕನನ್ನು ನೋಡಿ ಅತ್ತಳು. ಅವಳು ಸರಿಯಾಗಿ ಅತ್ತಳಲ್ಲ ಎಂದು ನನಗೆ ಜೀವ ಬಂದಂತಾಯಿತು.

ಸಂಜೆಯ ಸೈರನ್ನಿಗೆ ಜಗದೇವಿ ಓಡಿ ಬಂದಳು. ತಾಯಿಯನ್ನು ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಸೋದರತ್ತೆಯ ಎದುರಿಗೆ ಬಂದು ಕೂತಳು.

"ಕಂಪ್ಲೇಂಟ್ ಎಲ್ಲಾ ಬಂದಿದ್ವು ಅಪ್ಪಾ. ಇಪ್ಪತ್ತಾರು ಅದ ಅಂತ ಮಶಿನ್ನೇ ಜವಾಬು ಕೊಟ್ಟು ಕಳಿಸ್ಯದ. ನಮ್ಮ ತನಕ ಬಿಟ್ಟೇ ಇಲ್ಲ. ನಾಳಿಂದ ಎಲ್ಲಾ ಸೆನ್ಸರ್ ಕಿತ್ತು ಮಲಗೋ ಕೋಣ್ಯಾಗ ಹಾಕ್ತೀವಿ."

"ಅಲ್ಲಿ ನಾವು ಇನ್ನೇನರ ಇಟ್ರ?" ಎಂದು ಕೇಳಿದೆ.

ನನ್ನನ್ನು ನೋಡಿದ ಅವಳ ಕಣ್ಣಿನಲ್ಲಿ ಅಂಜಿಕೆಯಿತ್ತು. ಆ ಅಂಜಿಕೆ ಇಂದಿಗೂ ಹೋಗಿಲ್ಲ. ಈಗ ನಾನು ದಿನಕ್ಕೆ ಹತ್ತು ಸಲ ಹೆಂಡತಿಯ ಹಣೆ ಮುಟ್ಟಿ ನೋಡುತ್ತೇನೆ. ಗೋಡೆಯನ್ನು ನೋಡುವುದು ಬಿಟ್ಟಿದ್ದೇನೆ.

ಮಣ್ಣಿಗೆ ಹೊರಡುವ ಮುಂಚೆ ಮಹಾನಂದಾ ನನ್ನನ್ನು ಒಳಗೆ ಕರೆದು ಮೆಲ್ಲನೆ ಕೇಳಿದಳು. "ಖರೆ ಹೇಳ್ರಿ. ಆಕಿ ಇಟ್ಟ ನೀರೇ ಆಕಿನ್ನ ಕೊಂದಿತೇನು?"

ನಾನು ಅವಳ ಹಣೆ ಮುಟ್ಟಿ ನೋಡಿದೆ. ಅವಳು ಮತ್ತೆ ಕೇಳಲಿಲ್ಲ.

ಅಯ್ಯನವರು ಕ್ರಿಯೆ ನಡೆಸಿದರು. ಗುಣಿಯೊಳಗೆ ಅಕ್ಕನನ್ನು ಪದ್ಮಾಸನದಲ್ಲಿ ಕೂಡ್ರಿಸಿದರು. ನೆಲ ಆ ಹೊತ್ತಿನಲ್ಲೂ ಬೆಚ್ಚಗಿತ್ತು. ಅವಳಿಂದ ನೀರು ಕುಡಿದ ಕೂಲಿಕಾರರು ಎಷ್ಟೋ ಜನ ಬಂದು ದೂರದಲ್ಲಿ ನಿಂತಿದ್ದರು. ಒಬ್ಬೊಬ್ಬರೂ ಬಂದು ಹಿಡಿ ಮಣ್ಣು ಹಾಕಿದರು. ನನ್ನ ಸರದಿ ಬಂದಾಗ ಮಣ್ಣು ಹಿಡಿದು ನಿಂತು, ಮಧ್ಯಾಹ್ನ ಬಾರದ ಪ್ರಾರ್ಥನೆಯನ್ನು ಮಾಡಿದೆ.

ಶಿವನೇ, ಇವಳು ಒಳ್ಳೆಯದನ್ನೇ ಬಯಸಿದಳು. ಅದರ ಫಲ ಹೀಗಾಯಿತೇಕೆ ಎಂದು ಕೇಳುವ ಧೈರ್ಯ ನನಗಿಲ್ಲ. ಇಂದು ನಾವು ಕಂಡ ಸಂಗತಿ ಇವಳಿಗೆ ಎಂದಿಗೂ ತಿಳಿಯದಿರಲಿ. ಬಾಯಾರಿ ಬಂದವರ ಮುಖಗಳಷ್ಟೇ ಇವಳ ನೆನಪಿನಲ್ಲಿರಲಿ. ಬಿಸಿಲು ಮುಟ್ಟದ ನಿನ್ನ ನೆರಳಿನಲ್ಲಿ ಇವಳನ್ನು ಕೂಡ್ರಿಸಿಕೋ. ನನ್ನ ಅಕ್ಕನ ಆತ್ಮಕ್ಕೆ ಶಾಂತಿ ಕೊಡು ತಂದೆ, ಶಾಂತಿ ಕೊಡು.